ಹುಲ್ಲುಹಾಸನ್ನು ಅಗೆಯದೆ ಕಾಯಿಪಲ್ಯದ ತೋಟವನ್ನಾಗಿ ಮಾಡುವ ಕ್ರಮ

ಪಟ್ಟಣಗಳಲ್ಲಿಯೂ ದೊಡ್ಡ ಗ್ರಾಮಗಳಲ್ಲಿಯೂ ಮನೆಯ ಮುಂದಣ ಆವರಣದಲ್ಲಿ ಹುಲ್ಲುಹಾಸನ್ನು ಬೆಳೆಸುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿದೆ. ಶಾಲೆ, ಆಸ್ಪತ್ರೆ, ಕಚೇರಿ, ಸರ್ಕಾರಿ ವಸತಿಗೃಹ ಮುಂತಾದ ಕಡೆಗಳಲ್ಲಿಯೂ ಇದನ್ನು ಕಾಣಬಹುದು. ಹುಲ್ಲುಹಾಸು ಕಣ್ಣಿಗೆ ಇಂಪಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ 200 ಚದರಡಿಯ ಒಂದು ಸಣ್ಣ ಹಾಸಿಗೆ ಒಂದು ಅಂಗುಲದ ನೀರನ್ನು ಕೊಡಬೇಕಾದರೆ ಸುಮಾರು 470 ಲೀಟರು ನೀರು ವೆಚ್ಚವಾಗುತ್ತದೆ. ಬೇಸಗೆಯಲ್ಲಿ ಕುಡಿಯುವ ನೀರಿಗೇ ತಾಪತ್ರಯಪಡುವ ಊರುಗಳಲ್ಲಿ ಇಷ್ಟು ನೀರನ್ನು ಕೇವಲ ನೋಟಕ್ಕಾಗಿ ಸುರಿಯುವುದು ಯುಕ್ತವೇ ಎಂದು ಗೃಹಸ್ಥರನೇಕರು ಯೋಚಿಸತೊಡಗಿರುವುದು ಸಂತೋಷದ ಸಂಗತಿ. ಅದೇ ನೆಲ, ಅದೇ ನೀರು, ಅದೇ ಬಿಸಿಲು ಮನೆಗೆ ಬೇಕಾದ ಸೊಪ್ಪು ತರಕಾರಿಗಳನ್ನು ಕೊಡಬಲ್ಲವು.

ಆದರೆ ಈ ಕೆಲಸಕ್ಕೆ ತೊಡಗುವವರಲ್ಲಿ ಅನೇಕರು ಮೊದಲು ಮಾಡುವುದು ಗುದ್ದಲಿಯನ್ನು ಕೈಗೆ ತೆಗೆದುಕೊಳ್ಳುವುದು. ಆಳನ್ನಿಟ್ಟು ಹುಲ್ಲನ್ನು ಅಗೆಸಿ, ಮಣ್ಣನ್ನು ಪುಡಿಮಾಡಿಸಿ, ಬೀಜವನ್ನು ಬಿತ್ತುತ್ತಾರೆ. ಮೊದಲ ಮಳೆಯಾದ ಹದಿನೈದು ದಿವಸಗಳೊಳಗಾಗಿ ಪಾತಿಯ ತುಂಬ ಗರಿಕೆಯು ಚಿಗುರುತ್ತದೆ. ಕಿತ್ತಷ್ಟೂ ಬರುತ್ತದೆ. ಬೆಳೆಗೆ ಹಾಕಿದ ಗೊಬ್ಬರವನ್ನು ಕಳೆಯೇ ತಿನ್ನುತ್ತದೆ. ಕೂಲಿಯ ಹಣವೂ ಬೀಜದ ಹಣವೂ ವ್ಯರ್ಥವಾಗಿ, ಮನೆಯವರು ಬೇಸತ್ತು, ಮರುವರ್ಷ ಆ ಸ್ಥಳವನ್ನು ಕೈಬಿಡುತ್ತಾರೆ. ಹೀಗಾಗುವುದಕ್ಕೆ ಅವರ ಶ್ರಮದಲ್ಲಿ ಕೊರತೆಯಿದ್ದಿತೆಂದು ಹೇಳಲಾಗದು. ಅವರು ಹಿಡಿದ ಉಪಕರಣವು ಆ ಕಳೆಗೆ ತಕ್ಕುದಾಗಿರಲಿಲ್ಲವೆಂಬುದೇ ನಿಜವಾದ ಕಾರಣ. ಅಗೆಯದೆ, ಮುಚ್ಚುವುದರಿಂದಲೇ ಹುಲ್ಲನ್ನು ಕೊಂದು, ಅದರ ಮೇಲೆಯೇ ತರಕಾರಿಗಳನ್ನು ಬೆಳೆಯುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗುವುದು.

ಗುದ್ದಲಿಯಿಂದ ಗರಿಕೆಯು ಸಾಯದಿರುವುದಕ್ಕೆ ಕಾರಣ

ನಮ್ಮ ಮೈದಾನ ಸೀಮೆಯ ಹುಲ್ಲುಹಾಸುಗಳಲ್ಲಿ ಬಹುಪಾಲು ಗರಿಕೆಯ ಜಾತಿಯವು. ಶಾಸ್ತ್ರದಲ್ಲಿ ಇದಕ್ಕೆ ಸೈನೊಡಾನ್ ಡ್ಯಾಕ್ಟಿಲಾನ್ ಎಂದು ಹೆಸರು. ವಿನಾಯಕನ ಪೂಜೆಗೆ ಶ್ರೇಷ್ಠವೆಂದು ನಾವು ಆಯ್ದುಕೊಳ್ಳುವ ಹುಲ್ಲು ಇದೇ. ವಂಶವು ಗರಿಕೆಯಂತೆ ಹಬ್ಬಲಿ ಎಂದು ಹಿರಿಯರು ಹರಸುವುದು ಸುಮ್ಮನೆ ಅಲ್ಲ. ಈ ಹುಲ್ಲು ನೆಲದ ಮೇಲೆ ಹರಿಯುವ ಕುಡಿಗಳಿಂದಲೂ, ನೆಲದೊಳಗೆ ಹರಿಯುವ ಬಿಳಿಯ ಕಾಂಡಗಳಿಂದಲೂ ಹಬ್ಬುತ್ತದೆ. ನೆಲದೊಳಗಿನ ಕಾಂಡಗಳಲ್ಲಿ ಹೆಚ್ಚಿನ ಭಾಗವು ಮೇಲಿನ ಆರು ಅಂಗುಲಗಳಲ್ಲಿರುತ್ತದೆ. ಕೆಲವು ಇನ್ನೂ ಆಳಕ್ಕೆ ಹೋಗುವುದುಂಟು. ಈ ಕಾಂಡದ ಪ್ರತಿಯೊಂದು ಗೆಣ್ಣಿನಲ್ಲಿಯೂ ಒಂದು ಕಣ್ಣಿದೆ. ಸಕ್ಕರೆ ಮತ್ತು ಹಿಟ್ಟಿನ ರೂಪದಲ್ಲಿ ಕೂಡಿಟ್ಟ ಆಹಾರವೂ ಇದೆ. ಗುದ್ದಲಿಯ ಪೆಟ್ಟಿಗೆ ಒಂದು ಕಾಂಡವು ಹತ್ತು ತುಂಡಾದರೆ, ತೇವವು ದೊರೆತೊಡನೆ ಹತ್ತು ತುಂಡುಗಳೂ ಹತ್ತು ಗಿಡಗಳಾಗುತ್ತವೆ. ಆದಕಾರಣ ಮಳೆಗಾಲದ ಆರಂಭದಲ್ಲಿ ಗರಿಕೆಯ ನೆಲವನ್ನು ಅಗೆಯುವುದೆಂದರೆ ಗರಿಕೆಯ ನಾಟಿಯನ್ನು ಮಾಡಿದಂತೆಯೇ ಸರಿ.

ಗರಿಕೆಗೆ ಒಂದು ದೌರ್ಬಲ್ಯವುಂಟು. ಅದು ಬಿಸಿಲಿನ ಹುಲ್ಲು, ನೆರಳನ್ನು ಸಹಿಸುವುದಿಲ್ಲ. ದೊಡ್ಡ ಮಾವಿನ ಮರದ ಕೆಳಗೆ ಅದು ತೆಳುವಾಗುವುದನ್ನು ಎಲ್ಲರೂ ನೋಡಿರುತ್ತಾರೆ. ಬೆಳಕನ್ನು ಪೂರ್ತಿಯಾಗಿ ತಪ್ಪಿಸಿದರೆ, ಎಲೆಗಳು ಹೊಸ ಆಹಾರವನ್ನು ತಯಾರಿಸಲಾರವು. ಕಣ್ಣುಗಳು ಕೂಡಿಟ್ಟ ಆಹಾರವನ್ನು ತಿಂದು ಚಿಗುರುತ್ತವೆ, ಬೆಳಕನ್ನು ಕಾಣದೆ ಬಿಳಿಚಿಕೊಳ್ಳುತ್ತವೆ, ಮತ್ತೆ ಚಿಗುರುತ್ತವೆ. ಹೀಗೆ ಉಗ್ರಾಣವು ಬರಿದಾದ ದಿವಸ ಗಿಡವು ಸಾಯುತ್ತದೆ. ಗುದ್ದಲಿಯು ಗರಿಕೆಯನ್ನು ಹಂಚುತ್ತದೆ. ಕತ್ತಲೆಯು ಅದನ್ನು ಉಪವಾಸ ಕೆಡವುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ಕ್ರಮಗಳ ಅರ್ಥವೂ ತಾನಾಗಿಯೇ ತಿಳಿಯುವುದು.

ಅಗೆಯದಿರುವುದರಿಂದ ಮಣ್ಣಿಗೂ ಲಾಭವಿದೆ. ಹಲವು ವರ್ಷ ಹುಲ್ಲಿದ್ದ ನೆಲದಲ್ಲಿ ಬೇರುಗಳು ಮಣ್ಣನ್ನು ಕಾಳುಕಾಳಾಗಿ ಕಟ್ಟಿರುತ್ತವೆ. ಬೇರು ಕೊಳೆತ ಜಾಡುಗಳಲ್ಲಿಯೂ ಎರೆಹುಳುವಿನ ಬಿಲಗಳಲ್ಲಿಯೂ ನೀರು ಗಾಳಿಗಳು ಸಂಚರಿಸುತ್ತವೆ. ನಮ್ಮ ಕೆಮ್ಮಣ್ಣನ್ನು ಅಗೆದು ಪುಡಿಮಾಡಿ ಬರಿದಾಗಿ ಬಿಟ್ಟರೆ, ಬಿರುಮಳೆಯ ಹನಿಗಳು ಅದನ್ನು ಬಡಿದು, ಬಿಸಿಲಿಗೆ ಮೇಲ್ಮೈಯು ಹೆಂಟೆಗಟ್ಟಿ, ಮೊಳಕೆಯು ಹೊರಬರುವುದೇ ಕಷ್ಟವಾಗುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಮಹಾಶಯರು 1881ರಲ್ಲಿ ಪ್ರಕಟಿಸಿದ ಎರೆಹುಳುವಿನ ಗ್ರಂಥದಲ್ಲಿ, ಆ ದೇಶದ ಅನೇಕ ಕಡೆಗಳಲ್ಲಿ ಒಂದು ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಈ ಹುಳುಗಳ ದೇಹದ ಮೂಲಕ ಹಾದುಬರುವುದೆಂದು ಲೆಕ್ಕಹಾಕಿದ್ದಾರೆ. ತೇವವನ್ನೂ ಎಲೆಯ ಹೊದಿಕೆಯನ್ನೂ ಒದಗಿಸಿದರೆ ಆ ಕೂಲಿಯಿಲ್ಲದ ಆಳುಗಳು ನಮ್ಮ ಪಾತಿಗಳಲ್ಲಿಯೂ ದುಡಿಯುತ್ತವೆ.

ಹೊರದೇಶದ ಪದ್ಧತಿಗೂ ನಮ್ಮ ನೆಲಕ್ಕೂ ಇರುವ ಭೇದ

ಹುಲ್ಲುಹಾಸನ್ನು ತರಕಾರಿಗೆ ತಿರುಗಿಸುವುದು ಹೊಸ ವಿಷಯವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1939ರಿಂದ, ಬ್ರಿಟನ್ನಿನ ಜನರು ಸರ್ಕಾರದ ಕರೆಯಂತೆ ತಮ್ಮ ಹುಲ್ಲುಹಾಸುಗಳನ್ನು ಅಗೆದು ಆಲೂಗೆಡ್ಡೆ, ಕೋಸುಗಳನ್ನು ಬೆಳೆದರು. 1943ರಲ್ಲಿ ಅಮೆರಿಕಾದ ಅಧ್ಯಕ್ಷರ ಭವನದ ಹುಲ್ಲಿನಲ್ಲಿಯೂ ತರಕಾರಿಯ ಪಾತಿಗಳಾದುವು. ಅದೇ 1943ರಲ್ಲಿ ಆ ದೇಶದ ಎಡ್ವರ್ಡ್ ಫಾಕ್ನರ್ ಎಂಬವರು ನೇಗಿಲಿನಿಂದ ಮಣ್ಣನ್ನು ಮಗುಚುವ ಪದ್ಧತಿಯನ್ನೇ ಆಕ್ಷೇಪಿಸಿ ಗ್ರಂಥವನ್ನು ಬರೆದರು. 1955ರಲ್ಲಿ ರೂತ್ ಸ್ಟೌಟ್ ಎಂಬ ಮಹಿಳೆಯು, ಒಣಹುಲ್ಲನ್ನು ಸದಾ ಹೊದಿಸಿಟ್ಟು ಅಗೆತವಿಲ್ಲದೆಯೇ ತರಕಾರಿಗಳನ್ನು ಬೆಳೆವ ತಮ್ಮ ಕ್ರಮವನ್ನು ಪುಸ್ತಕರೂಪದಲ್ಲಿ ತಿಳಿಸಿದರು.

ಆದರೆ ಈ ಗ್ರಂಥಗಳ ಸೂಚನೆಗಳನ್ನು ಇದ್ದಂತೆಯೇ ಇಲ್ಲಿ ಅನುಸರಿಸಲಾಗದು. ಶೀತದೇಶಗಳ ಹುಲ್ಲುಹಾಸುಗಳಲ್ಲಿ ಬಹುಮಟ್ಟಿಗೆ ತಂಪಿನಲ್ಲಿ ಬೆಳೆಯುವ, ಬುಡಕಟ್ಟಿ ನಿಲ್ಲುವ ಹುಲ್ಲುಗಳಿರುತ್ತವೆ. ಒಂದು ಪದರ ಕಾಗದವನ್ನೂ ಸ್ವಲ್ಪ ಗೊಬ್ಬರವನ್ನೂ ಹಾಕಿದರೆ ಅವು ಕೊಳೆತುಹೋಗುತ್ತವೆ. ಅದೇ ದಿವಸ ಸಸಿಗಳನ್ನು ನೆಟ್ಟರೂ ನಡೆಯುತ್ತದೆ. ನಮ್ಮ ಗರಿಕೆಯಾಗಲಿ, ಸಸಿತೋಟದವರು ಮೆಕ್ಸಿಕನ್ ಹುಲ್ಲೆಂದು ಮಾರುವ ದಟ್ಟ ಹುಲ್ಲಾಗಲಿ, ಅಷ್ಟಕ್ಕೆ ಸಾಯತಕ್ಕವಲ್ಲ. ಇಲ್ಲಿ ಹೊದಿಕೆಯು ಇಮ್ಮಡಿಯಾಗಿರಬೇಕು, ಕಾಲವು ದೀರ್ಘವಾಗಿರಬೇಕು, ಅಂಚಿನ ಕಾವಲು ಬಿಗಿಯಾಗಿರಬೇಕು.

ಸ್ಥಳದ ಪರೀಕ್ಷೆ

ಮೊದಲು ಮೂರು ಸಂಗತಿಗಳನ್ನು ನೋಡತಕ್ಕದ್ದು.

ಒಂದನೆಯದಾಗಿ, ಬಿಸಿಲು. ದಿವಸಕ್ಕೆ ಆರು ಗಂಟೆಗಳಿಗೆ ಕಡಮೆಯಿಲ್ಲದಂತೆ ನೇರವಾದ ಬಿಸಿಲು ಬೀಳುವ ಸ್ಥಳವು ಟೊಮ್ಯಾಟೊ, ಬದನೆ, ಮೆಣಸಿನಕಾಯಿಗಳಿಗೆ ಬೇಕು. ಮೂರು ನಾಲ್ಕು ಗಂಟೆಗಳ ಬಿಸಿಲಿರುವಲ್ಲಿ ಸೊಪ್ಪುಗಳನ್ನು ಮಾತ್ರ ಬೆಳೆಯಬಹುದು.

ಎರಡನೆಯದಾಗಿ, ನೀರು ಇಂಗುವ ಬಗೆ. ಹುಲ್ಲಿನ ಮಧ್ಯದಲ್ಲಿ ಒಂದು ಅಡಿ ಆಳದ ಗುಣಿಯನ್ನು ತೆಗೆದು ನೀರು ತುಂಬಿ ನೋಡಬೇಕು. ಮೊದಲ ಸಲದ ನೀರು ಇಂಗಿದ ಮೇಲೆ ಎರಡನೆಯ ಸಲ ತುಂಬಬೇಕು. ಅದು ನಾಲ್ಕೈದು ಗಂಟೆಗಳಾದರೂ ನಿಂತೇ ಇದ್ದರೆ ಕೆಳಗೆ ಮಣ್ಣು ಗಟ್ಟಿಯಾಗಿದೆಯೆಂದು ತಿಳಿಯಬೇಕು. ಹೊಸ ಮನೆಗಳ ಆವರಣದಲ್ಲಿ ಇಟ್ಟಿಗೆಯ ಚೂರು, ಗಾರೆ, ಸಿಮೆಂಟಿನ ಹೆಂಟೆಗಳು ಹುಲ್ಲಿನ ಕೆಳಗೆ ಹೂತಿರುವುದೂ ಉಂಟು. ಮಣ್ಣು ಗಟ್ಟಿಯಾಗಿದ್ದರೆ, ಅಡಿಗೊಂದರಂತೆ ಹಾರೆಯನ್ನು ನಾಟಿ, ಮಣ್ಣನ್ನು ಮಗುಚದೆ ಹಿಂದಕ್ಕೂ ಮುಂದಕ್ಕೂ ಅಲುಗಿಸಿ ತೆಗೆದರೆ ಸಾಕು. ಕಟ್ಟಡದ ಚೂರು ತುಂಬಿದ್ದರೆ ಬೇರೆ ಸ್ಥಳವನ್ನು ಆರಿಸಿಕೊಳ್ಳುವುದೇ ಲೇಸು.

ಮೂರನೆಯದಾಗಿ, ಜೇಕು. ಇದನ್ನು ಕೊನ್ನಾರಿಯೆಂದೂ ತುಂಗೆಯೆಂದೂ ಕರೆಯುತ್ತಾರೆ. ಮೂರು ಮೂಲೆಯ ಕಾಂಡವೂ ನೆಲದೊಳಗೆ ಸರದಂತೆ ಪೋಣಿಸಿದ ಕಪ್ಪು ಗಡ್ಡೆಗಳೂ ಇದರ ಗುರುತು. ಇದರ ಮೊಳಕೆಯ ತುದಿಯು ಸೂಜಿಯಂತೆ ಚೂಪಾಗಿದ್ದು ಕಾಗದವನ್ನು ಮಾತ್ರವಲ್ಲ, ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನೂ ಚುಚ್ಚಿ ಹೊರಬರುತ್ತದೆ. ಹುಲ್ಲುಹಾಸಿನಲ್ಲಿ ಜೇಕು ದಟ್ಟವಾಗಿದ್ದರೆ ಈ ಕ್ರಮದಿಂದ ಒಂದೇ ವರ್ಷದಲ್ಲಿ ಪೂರ್ಣ ಫಲವನ್ನು ನಿರೀಕ್ಷಿಸಬಾರದು. ಅಂಥಲ್ಲಿ ಒಂದೇ ಒಂದು ಸಣ್ಣ ಪಾತಿಯಿಂದ ಆರಂಭಿಸಿ, ಎರಡು ವಾರಗಳಿಗೊಮ್ಮೆ ತಪ್ಪದೆ ಮೊಳಕೆಗಳನ್ನು ಕೀಳುತ್ತ, ಗೆಣಸು ಅಥವಾ ಸಿಹಿಕುಂಬಳದ ಬಳ್ಳಿಯನ್ನು ಹಬ್ಬಿಸಿ ನೆರಳುಮಾಡುವುದು ಉಚಿತ. ಜೇಕು ಸಹ ನೆರಳಿಗೆ ಸೋಲುತ್ತದೆ.

ಕೆಲಸಕ್ಕೆ ತಕ್ಕ ಕಾಲ

ಬೆಂಗಳೂರು, ಕೋಲಾರ, ತುಮಕೂರು, ಮೈಸೂರು ಈ ಕಡೆಗಳಲ್ಲಿ ಭರಣಿ, ಕೃತ್ತಿಕಾ ಮಳೆಗಳ ಕಾಲ, ಎಂದರೆ ಏಪ್ರಿಲ್ ಕಡೆಯ ವಾರದಿಂದ ಮೇ ತಿಂಗಳ ಮೂರನೆಯ ವಾರದವರೆಗೆ, ಹುಲ್ಲನ್ನು ಮುಚ್ಚುವುದಕ್ಕೆ ಅತ್ಯುತ್ತಮವಾದುದು. ಇದಕ್ಕೆ ಕಾರಣವುಂಟು. ಒಣಗಿದ ನೆಲದಲ್ಲಿ ಗರಿಕೆಯು ನಿದ್ರಿಸುತ್ತದೆ. ನಿದ್ರಿಸುವ ಗಿಡವು ಕೂಡಿಟ್ಟ ಆಹಾರವನ್ನು ವೆಚ್ಚಮಾಡುವುದಿಲ್ಲ. ಆದ್ದರಿಂದ ಜನವರಿ ಫೆಬ್ರವರಿಗಳ ಒಣ ನೆಲದ ಮೇಲೆ ಹೊದಿಸಿದ ಹೊದಿಕೆಯಿಂದ ಅದು ಬೇಗನೆ ಸಾಯದು. ನೆಲವು ಬೆಚ್ಚಗೂ ತೇವವಾಗಿಯೂ ಇರುವಾಗ ಕಣ್ಣುಗಳೆಲ್ಲ ಎದ್ದು ಚಿಗುರಲು ಹವಣಿಸುತ್ತವೆ. ಆಗ ಬೆಳಕನ್ನು ತಪ್ಪಿಸಿದರೆ ಉಗ್ರಾಣವು ತೀವ್ರವಾಗಿ ಬರಿದಾಗುತ್ತದೆ. ಮೇ ತಿಂಗಳ ಮೊದಲಲ್ಲಿ ಮುಚ್ಚಿದರೆ ಮೂರು ತಿಂಗಳು ಕಳೆದು ಆಶ್ಲೇಷ, ಮಖೆ ಮಳೆಗಳ ಹೊತ್ತಿಗೆ, ಎಂದರೆ ಆಗಸ್ಟಿನಲ್ಲಿ, ನಾಟಿಗೆ ನೆಲವು ಸಿದ್ಧವಾಗುತ್ತದೆ. ಸೆಪ್ಟೆಂಬರ್ ಅಕ್ಟೋಬರ್ ಮಳೆಗಳು ಬೆಳೆಗೆ ಒದಗುತ್ತವೆ.

ಮಲೆನಾಡು ಮತ್ತು ಕರಾವಳಿಯಲ್ಲಿಯೂ ಮೇ ತಿಂಗಳಲ್ಲಿಯೇ ಹೊದಿಸಬಹುದು; ಆದರೆ ಅಲ್ಲಿ ಮಳೆಯ ರಭಸಕ್ಕೆ ಗೊಬ್ಬರವು ಕೊಚ್ಚಿಹೋಗುವುದರಿಂದ, ಸೆಪ್ಟೆಂಬರ್ ಕಳೆದ ಮೇಲೆಯೇ ಗೊಬ್ಬರವನ್ನು ಹರಡಿ ನಾಟಿಮಾಡತಕ್ಕದ್ದು.

ಬೇಕಾಗುವ ಸಾಮಗ್ರಿಗಳು

ಉದಾಹರಣೆಗಾಗಿ 20 ಅಡಿ ಉದ್ದ, 10 ಅಡಿ ಅಗಲದ ಸ್ಥಳವನ್ನು ತೆಗೆದುಕೊಳ್ಳೋಣ. ಇದರಲ್ಲಿ ನಾಲ್ಕು ನಾಲ್ಕಡಿ ಅಗಲದ ಎರಡು ಪಾತಿಗಳನ್ನೂ ನಡುವೆ ಎರಡಡಿಯ ಕಾಲುದಾರಿಯನ್ನೂ ಮಾಡಬಹುದು. ಪಾತಿಯು ನಾಲ್ಕಡಿಗಿಂತ ಅಗಲವಾದರೆ ಎರಡು ಕಡೆಗಳಿಂದಲೂ ನಡುವಿಗೆ ಕೈಯೆಟಕದೆ, ಅದನ್ನು ತುಳಿಯಬೇಕಾಗುತ್ತದೆ. ಅಗೆಯದ ನೆಲವನ್ನು ತುಳಿಯಲೂ ಬಾರದು. ಈ ನಿಯಮವನ್ನು ಮನೆಯ ಮಕ್ಕಳಿಗೂ ತಿಳಿಸಿರಬೇಕು.

(1) ಮುಚ್ಚುವ ಹಾಳೆ: ಅಂಗಡಿಗಳಲ್ಲಿ ಬಿಸಾಡುವ ಕಂದುಬಣ್ಣದ ದಪ್ಪ ರಟ್ಟಿನ ಪೆಟ್ಟಿಗೆಗಳು ಉತ್ತಮ. ಅಂಟುಪಟ್ಟಿ, ತಂತಿಯ ಪಿನ್ನು, ಮಿರುಗುವ ಬಣ್ಣದ ಕಾಗದ ಇವುಗಳನ್ನು ತೆಗೆದುಹಾಕಬೇಕು. ಸ್ಥಳದ ಸುತ್ತಲೂ ಒಂದೊಂದಡಿ ಹೊರಗೆ ಬರುವಂತೆ, ಎರಡು ಪದರವಾಗಿ, ಒಂದರ ಮೇಲೊಂದು ಏರುವಂತೆ ಹಾಸಲು ಸುಮಾರು 650 ಚದರಡಿ ರಟ್ಟು ಬೇಕಾದೀತು. ರಟ್ಟು ದೊರೆಯದಿದ್ದರೆ ಹಳೆಯ ಸೆಣಬಿನ ಗೋಣಿಚೀಲಗಳನ್ನು ಬಿಚ್ಚಿ ಎರಡು ಪದರ ಹಾಸಬಹುದು. ವೃತ್ತಪತ್ರಿಕೆಯಾದರೆ ಹತ್ತು ಹನ್ನೆರಡು ಹಾಳೆಗಳ ದಪ್ಪವಿರಬೇಕು. ಅಡಿಕೆಯ ಸೀಮೆಯವರಿಗೆ ಅಡಿಕೆಯ ಹಾಳೆಗಳು ಸಹಜವಾಗಿಯೇ ಒದಗುತ್ತವೆ.

(2) ಎಲೆಯ ಹೊದಿಕೆ: ತರಗೆಲೆ, ಕಬ್ಬಿನ ರವದೆ, ತೆಂಗಿನ ಗರಿಯ ಚೂರು ಮುಂತಾದುವು ಐದು ಅಂಗುಲ ದಪ್ಪಕ್ಕೆ; ತುಳಿದು ತುಂಬಿದ ಮೂವತ್ತು ಗೋಣಿಚೀಲಗಳಷ್ಟು. ಬೀದಿಯ ಮರಗಳ ಉದುರೆಲೆಗಳನ್ನು ಗುಡಿಸಿ ಬೆಂಕಿಯಿಡುವ ಕೆಟ್ಟ ಪದ್ಧತಿಯು ಪಟ್ಟಣಗಳಲ್ಲಿ ಇನ್ನೂ ಇದೆ. ಹೊಗೆಯಾಗಿ ಹೋಗುವ ಆ ಎಲೆಯೇ ಇಲ್ಲಿ ಬಂಡವಾಳ. ರಾಗಿಯ ಹುಲ್ಲನ್ನಾಗಲಿ ಭತ್ತದ ಒಳ್ಳೆಯ ಹುಲ್ಲನ್ನಾಗಲಿ ಇದಕ್ಕೆ ಉಪಯೋಗಿಸಬಾರದು. ದನದ ಬಾಯಿಯ ಮೇವನ್ನು ನೆಲಕ್ಕೆ ಹಾಕುವುದು ನಮ್ಮ ನಾಡಿಗೆ ಒಪ್ಪುವ ಮಾತಲ್ಲ. ನೀಲಗಿರಿಯ ಎಲೆ, ಹೂವಾದ ಪಾರ್ಥೇನಿಯಂ, ಕಳೆನಾಶಕವನ್ನು ಸಿಂಪಡಿಸಿದ ಹುಲ್ಲು ಇವು ಮೂರೂ ವರ್ಜ್ಯ.

(3) ಗೊಬ್ಬರ: ಚೆನ್ನಾಗಿ ಮಾಗಿದ ಕೊಟ್ಟಿಗೆಯ ಗೊಬ್ಬರ ಅಥವಾ ಕಾಂಪೋಸ್ಟು. ಎರಡು ಪಾತಿಗಳ 160 ಚದರಡಿಗೆ ಮೂರು ಅಂಗುಲ ದಪ್ಪದಂತೆ 40 ಘನ ಅಡಿ. ತೇವವನ್ನನುಸರಿಸಿ ತೂಕದಲ್ಲಿ ಸುಮಾರು 600 ಕಿಲೋ. ಇದು ನಾಟಿಯ ವೇಳೆಗೆ ಬೇಕಾಗುವುದರಿಂದ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಜೊತೆಗೆ ಒಂದೂವರೆ ಕಿಲೋ ಬೇವಿನ ಹಿಂಡಿ.

ಮುಚ್ಚುವ ಕ್ರಮ

ಮೊದಲ ಮಳೆಯಾದ ಮೇಲೆ, ಮಳೆಯಾಗದಿದ್ದರೆ ಆರು ಅಂಗುಲದವರೆಗೆ ತೇವವಿಳಿಯುವಂತೆ ನೀರು ಕೊಟ್ಟ ಮೇಲೆ, ಎಂಟು ಹತ್ತು ದಿವಸ ಸುಮ್ಮನಿರಬೇಕು. ಹುಲ್ಲು ಹೊಸದಾಗಿ ಚಿಗುರುತ್ತದೆ. ಈ ಚಿಗುರು ನೆಲದೊಳಗಿನ ಸಂಗ್ರಹವನ್ನು ತಿಂದು ಬಂದುದು. ಆಗ ಕುಡುಗೋಲಿನಿಂದಾಗಲಿ ಯಂತ್ರದಿಂದಾಗಲಿ ನೆಲಕ್ಕೆ ಸಮನಾಗಿ ಹುಲ್ಲನ್ನು ಕೊಯ್ದು, ಕೊಯ್ದುದನ್ನು ಅಲ್ಲಿಯೇ ಹರಡಿ, ಮತ್ತೊಮ್ಮೆ ನೀರು ಚಿಮುಕಿಸಿ, ಕೂಡಲೇ ರಟ್ಟನ್ನು ಹಾಸಬೇಕು.

ಒಂದು ರಟ್ಟಿನ ಮೇಲೆ ಮತ್ತೊಂದು ಒಂದು ಅಡಿಯಷ್ಟಾದರೂ ಏರಿರಬೇಕು. ಮೇಲಿನ ಪದರದ ಸಂದುಗಳು ಕೆಳಗಿನ ಪದರದ ಸಂದುಗಳ ಮೇಲೆ ಬೀಳಕೂಡದು. ಗರಿಕೆಯು ಸಂದನ್ನು ಹುಡುಕುವುದರಲ್ಲಿ ಬಹಳ ಚತುರ. ಎರಡು ಬೆರಳಿನ ಸಂದು ದೊರೆತರೂ ಮೂರು ತಿಂಗಳ ಶ್ರಮವನ್ನು ಕೆಡಿಸುತ್ತದೆ. ರಟ್ಟನ್ನು ಹಾಸುತ್ತ ಹಾಸುತ್ತಲೇ ನೀರಿನಿಂದ ನೆನೆಸಿದರೆ ಅದು ನೆಲಕ್ಕೆ ಒತ್ತಿಕೊಂಡು ಕೂಡುತ್ತದೆ. ಅದರ ಮೇಲೆ ಐದು ಅಂಗುಲ ತರಗೆಲೆಯನ್ನು ಹರಡಿ, ಗಾಳಿಗೆ ಹಾರದಂತೆ ಅಲ್ಲಲ್ಲಿ ಕಲ್ಲನ್ನೋ ಕಡ್ಡಿಯನ್ನೋ ಇಡಬೇಕು. ಕಾಲುದಾರಿಯನ್ನೂ ಇದೇ ರೀತಿ ಮುಚ್ಚತಕ್ಕದ್ದು. ದಾರಿಯಲ್ಲಿ ಉಳಿದ ಹುಲ್ಲು ಪಾತಿಗೆ ಹರಿಯಲು ಒಂದು ತಿಂಗಳು ಸಾಕು.

ಅಂಚಿನ ಕಾಲುವೆ

ಅಗೆಯದ ಈ ತೋಟದಲ್ಲಿ ಗುದ್ದಲಿಗೆ ಒಂದೇ ಒಂದು ಕೆಲಸವಿದೆ. ಪಕ್ಕದಲ್ಲಿ ಹುಲ್ಲುಹಾಸಿನ ಭಾಗವು ಉಳಿದಿದ್ದರೆ, ಎರಡರ ನಡುವೆ ಅರ್ಧ ಅಡಿ ಅಗಲ, ಎಂಟು ಅಂಗುಲ ಆಳದ ಸಣ್ಣ ಕಾಲುವೆಯನ್ನು ತೋಡಬೇಕು. ಅದನ್ನು ತುಂಬದೆ ಬರಿದಾಗಿಯೇ ಬಿಡಬೇಕು. ಹದಿನೈದು ದಿವಸಗಳಿಗೊಮ್ಮೆ ಅದರಗುಂಟ ನಡೆದು, ಅಡ್ಡವಾಗಿ ಚಾಚಿದ ಕುಡಿಗಳನ್ನು ಕತ್ತರಿಸಬೇಕು. ಒಳಗಿನ ಹುಲ್ಲನ್ನು ಚೆನ್ನಾಗಿ ಕೊಂದವರ ತೋಟವೂ ಈ ಅಂಚನ್ನು ಅಲಕ್ಷ್ಯಮಾಡಿದರೆ ಒಂದು ಮಳೆಗಾಲದೊಳಗೆ ಹಾಳಾಗುತ್ತದೆ. ಕತ್ತರಿಸಿದ ಕುಡಿಗಳನ್ನು ಗೊಬ್ಬರದ ಗುಂಡಿಗೆ ಹಾಕದೆ, ಕಲ್ಲಿನ ಮೇಲೆ ಬಿಸಿಲಿಗೆ ಗರಿಗರಿಯಾಗುವಂತೆ ಒಣಗಿಸಿದ ಮೇಲೆಯೇ ಉಪಯೋಗಿಸಬೇಕು.

ಮೂರು ತಿಂಗಳ ಕಾವಲು

ಹೊದಿಸಿದ ಮೇಲೆ ಕೆಲಸವು ಮುಗಿಯಿತೆಂದು ಭಾವಿಸಲಾಗದು. ಹದಿನೈದು ದಿವಸಗಳಿಗೊಮ್ಮೆ ಎಲೆಯನ್ನು ಸರಿಸಿ ಸಂದುಗಳನ್ನು ನೋಡಬೇಕು. ಬಿಳಿಚಿದ ಕುಡಿಯು ಹೊರಬಂದಿದ್ದರೆ ಅದನ್ನು ನಿಧಾನವಾಗಿ ಎಳೆದು ತೆಗೆದು, ಆ ಸ್ಥಳಕ್ಕೆ ಇನ್ನೊಂದು ತುಂಡು ರಟ್ಟನ್ನು ಮುಚ್ಚಬೇಕು. ಮಳೆಯಲ್ಲಿ ರಟ್ಟು ಮೆತ್ತಗಾಗಿ ಹರಿಯುತ್ತದೆ. ಸುಮಾರು ಒಂದೂವರೆ ತಿಂಗಳಾದಾಗ, ತೂತು ಬಿದ್ದ ಕಡೆಗಳಲ್ಲಿ ಮತ್ತೊಂದು ಪದರವನ್ನು ಹಾಕಬೇಕಾಗುವುದು. ಮಳೆಯು ಕೈಕೊಟ್ಟರೆ ವಾರಕ್ಕೊಮ್ಮೆ ನೀರನ್ನು ಚಿಮುಕಿಸಿ ಹೊದಿಕೆಯನ್ನು ತೇವವಾಗಿಟ್ಟಿರಬೇಕು.

ಇಷ್ಟು ಕಾಲ ನೆಲವನ್ನು ಬರಿದೆ ಬಿಡಲಾರೆವೆಂಬವರು, ಹೊದಿಕೆಯ ಮೇಲೆಯೇ ಮಣ್ಣುಗೊಬ್ಬರ ತುಂಬಿದ ಎರಡು ಮೂರು ಗೋಣಿಚೀಲಗಳನ್ನಿಟ್ಟು ಅವುಗಳಲ್ಲಿ ಸಿಹಿಕುಂಬಳವನ್ನೋ ಬೂದುಗುಂಬಳವನ್ನೋ ಬಿತ್ತಬಹುದು. ಬಳ್ಳಿಯು ಹೊದಿಕೆಯ ಮೇಲೆ ಹಬ್ಬಿ ಕಾಯನ್ನು ಕೊಡುವುದಲ್ಲದೆ, ಕತ್ತಲೆಗೆ ನೆರಳನ್ನೂ ಸೇರಿಸುತ್ತದೆ.

ಹುಲ್ಲು ಸತ್ತುದನ್ನು ಪರೀಕ್ಷಿಸುವ ಬಗೆ

ಮೇಲಿನ ಎಲೆಯು ಒಣಗಿದ ಮಾತ್ರಕ್ಕೆ ಗರಿಕೆಯು ಸತ್ತಿತೆಂದು ನಂಬಬಾರದು. 80 ರಿಂದ 90 ದಿವಸಗಳಾದಾಗ ಮೂರು ನಾಲ್ಕು ಕಡೆ ರಟ್ಟನ್ನು ಎತ್ತಿ, ನೆಲದೊಳಗಿನ ಕಾಂಡಗಳನ್ನು ಕೈಯಿಂದ ತೆಗೆದು ನೋಡಬೇಕು. ಕಂದಾಗಿ, ಪೊಳ್ಳಾಗಿ, ಹಿಸುಕಿದರೆ ಪುಡಿಯಾದರೆ ಅದು ಸತ್ತಿದೆ. ಬಿಳಿಯಾಗಿ, ಗಟ್ಟಿಯಾಗಿ, ಮುರಿದರೆ ರಸದಿಂದ ಕೂಡಿದ್ದರೆ ಜೀವವಿದೆ. ಸಂಶಯವಿದ್ದರೆ ಹತ್ತು ತುಂಡುಗಳನ್ನು ಒಂದು ಕುಂಡದ ಒದ್ದೆಮಣ್ಣಿನಲ್ಲಿ ಎರಡು ಅಂಗುಲ ಆಳಕ್ಕೆ ಹೂತು, ಬಿಸಿಲಿನಲ್ಲಿಟ್ಟು, ಹದಿನೈದು ದಿವಸ ನೋಡಬೇಕು. ಒಂದು ತುಂಡು ಚಿಗುರಿದರೂ ಇನ್ನೊಂದು ತಿಂಗಳು ಹೊದಿಕೆಯನ್ನು ತೆಗೆಯಬಾರದು. ಇಲ್ಲಿ ತಾಳುವ ಒಂದು ತಿಂಗಳು ಮುಂದೆ ಎರಡು ವರ್ಷಗಳ ಕಳೆಯನ್ನು ಉಳಿಸುತ್ತದೆ.

ಗೊಬ್ಬರವೂ ನಾಟಿಯೂ

ನೆಲವು ಸಿದ್ಧವಾದ ಮೇಲೆ ತರಗೆಲೆಯನ್ನು ಪಕ್ಕಕ್ಕೆ ಸರಿಸಿ, ಅಳಿದುಳಿದ ರಟ್ಟಿನ ಮೇಲೆಯೇ ಬೇವಿನ ಹಿಂಡಿಯ ಪುಡಿಯನ್ನು ಉದುರಿಸಿ, ಮೂರು ಅಂಗುಲ ಗೊಬ್ಬರವನ್ನು ಪಾತಿಯ ಮೇಲೆ ಸಮನಾಗಿ ಹರಡಬೇಕು. ಮಣ್ಣಿನೊಡನೆ ಬೆರಸುವ ಅವಶ್ಯಕತೆಯಿಲ್ಲ; ಆ ಕೆಲಸವನ್ನು ಎರೆಹುಳುಗಳು ಮಾಡುತ್ತವೆ. ರಟ್ಟು ಇನ್ನೂ ಗಟ್ಟಿಯಾಗಿದ್ದರೆ ಸಸಿಯನ್ನು ನೆಡುವ ಕಡೆ ಮಾತ್ರ ಚಾಕುವಿನಿಂದ ಅಡ್ಡಲಾಗಿಯೂ ಉದ್ದಲಾಗಿಯೂ ಸೀಳಬೇಕು.

ಮೊದಲ ಬೆಳೆಗೆ ಸಸಿನೆಡುವ ತರಕಾರಿಗಳು ಹೆಚ್ಚು ಅನುಕೂಲ. ಆಗಸ್ಟಿನ ನಾಟಿಗೆ ಜುಲೈ ಮೊದಲ ಪಕ್ಷದಲ್ಲಿಯೇ ಕುಂಡ ಅಥವಾ ತಟ್ಟೆಗಳಲ್ಲಿ ಬೀಜವನ್ನು ಹಾಕಿರಬೇಕು. ಟೊಮ್ಯಾಟೊವನ್ನು ಎರಡಡಿಗೊಂದರಂತೆಯೂ, ಬದನೆಯನ್ನು ಎರಡೂವರೆ ಅಡಿಗೊಂದರಂತೆಯೂ, ಮೆಣಸಿನಕಾಯಿಯನ್ನು ಒಂದೂವರೆ ಅಡಿಗೊಂದರಂತೆಯೂ ನೆಡಬಹುದು. ಹುರುಳಿಕಾಯಿ, ಬೆಂಡೆ, ಅವರೆ ಇವುಗಳ ಬೀಜವನ್ನು ಬೆರಳಿನಿಂದ ಗುಣಿಮಾಡಿ ಊರಬೇಕು. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್ ಇವುಗಳನ್ನು ಹೊದಿಕೆಯಿಲ್ಲದ ಗೊಬ್ಬರದ ಮೇಲೆ ತೆಳುವಾಗಿ ಸಾಲುಬಿತ್ತನೆ ಮಾಡಿ, ಸಸಿಗಳು ನಾಲ್ಕು ಅಂಗುಲ ಎತ್ತರವಾದ ಮೇಲೆ ಸಾಲಿನ ನಡುವೆ ಎಲೆಯನ್ನು ಹೊದಿಸಬೇಕು. ಕ್ಯಾರೆಟ್ಟನ್ನು ಮೊದಲ ವರ್ಷ ಬಿತ್ತದಿರುವುದು ಮೇಲು. ಕೆಳಗಿನ ಮಣ್ಣು ಇನ್ನೂ ಸಡಿಲವಾಗಿರುವುದಿಲ್ಲವಾಗಿ ಗೆಡ್ಡೆಗಳು ಕವಲೊಡೆಯುತ್ತವೆ.

ತಳಿಗಳ ವಿಚಾರದಲ್ಲಿ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದಿರುವ ಅರ್ಕಾ ರಕ್ಷಕ್ ಟೊಮ್ಯಾಟೊ, ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ಕೋಮಲ್ ಹುರುಳಿಕಾಯಿ, ಅರ್ಕಾ ಸುಗುಣ ದಂಟು ಇವು ಮನೆಯ ತೋಟಕ್ಕೂ ಒಪ್ಪುವಂಥವು. ನಾಡ ಅವರೆಯು ಹಗಲು ಕಿರಿದಾಗುವ ಕಾಲದಲ್ಲಿ ಮಾತ್ರ ಹೂಬಿಡುವುದು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ 4 ಎಂಬ ಗಿಡ್ಡ ತಳಿಯನ್ನು ಯಾವ ಕಾಲದಲ್ಲಿ ಬೇಕಾದರೂ ಬಿತ್ತಬಹುದು.

ಆಮೇಲಿನ ಆರೈಕೆ

ಸಸಿಯು ಬೇರೂರಿದ ಮೇಲೆ ಸರಿಸಿಟ್ಟ ತರಗೆಲೆಯನ್ನು ಮತ್ತೆ ಹೊದಿಸಬೇಕು. ಬುಡಕ್ಕೆ ತಾಗದಂತೆ ಎರಡು ಅಂಗುಲ ಬಿಟ್ಟಿರಬೇಕು. ಮಳೆಯಿಲ್ಲದ ವಾರದಲ್ಲಿ ಪಾತಿಗಳೆರಡಕ್ಕೂ ಸೇರಿ ಒಂದು ಅಂಗುಲ, ಎಂದರೆ ಸುಮಾರು 380 ಲೀಟರು ನೀರನ್ನು ಎರಡು ಮೂರು ಸಲವಾಗಿ ಕೊಡಬಹುದು. ಹೊದಿಕೆಯಿರುವಲ್ಲಿ ಆವಿಯಾಗಿ ಹೋಗುವ ನೀರು ಕಡಮೆಯಾದ್ದರಿಂದ, ಎಲೆಯ ಕೆಳಗೆ ಬೆರಳಿಟ್ಟು ತೇವವನ್ನು ನೋಡಿ ನೀರನ್ನು ತಗ್ಗಿಸಬಹುದು. ಪಾತ್ರೆ ತೊಳೆದ ಸಾಬೂನಿನ ನೀರನ್ನು ಸೊಪ್ಪಿಗೆ ಹಾಕಬಾರದು.

ಒಣ ಎಲೆಯು ಸಾರಜನಕವನ್ನು ಹೀರಿಕೊಂಡು ಬೆಳೆಯನ್ನು ಬಡವಾಗಿಸುವುದೆಂದು ಕೆಲವರು ಅಂಜುತ್ತಾರೆ. ಎಲೆಯನ್ನು ಮಣ್ಣಿನೊಳಗೆ ಬೆರಸಿದರೆ ಹಾಗಾಗುವುದು ನಿಜ. ಮೇಲೆ ಹೊದಿಸಿದ್ದಾಗ ಆ ತೊಂದರೆಯು ಮೇಲ್ಮೈಯಲ್ಲಿಯೇ ನಿಲ್ಲುತ್ತದೆ. ಆದರೂ ಗಿಡದ ಕೆಳಗಿನ ಎಲೆಗಳು ಹಳದಿಯಾದರೆ, ಒಂದು ಪಾಲು ಗಂಜಲವನ್ನು ಹತ್ತು ಪಾಲು ನೀರಿನಲ್ಲಿ ಬೆರಸಿ, ಎಲೆಗೆ ತಾಗದಂತೆ ಬುಡದ ಸುತ್ತ ಕೊಡಬಹುದು.

ಬೆಳೆಯು ಮುಗಿದಾಗ ಗಿಡವನ್ನು ಕೀಳದೆ ನೆಲಮಟ್ಟಕ್ಕೆ ಕೊಯ್ದು, ಬೇರನ್ನು ನೆಲದಲ್ಲಿಯೇ ಕೊಳೆಯಲು ಬಿಡಬೇಕು. ಇದಕ್ಕೆ ಎರಡು ಅಪವಾದಗಳುಂಟು. ಟೊಮ್ಯಾಟೊ ಬದನೆಗಳು ಹಸುರಾಗಿರುವಾಗಲೇ ಸೊರಗಿ ಸತ್ತಿದ್ದರೆ, ಅಥವಾ ಬೇರಿನಲ್ಲಿ ಗಂಟುಗಳಿದ್ದರೆ, ಅಂಥ ಗಿಡವನ್ನು ಬೇರುಸಹಿತ ತೆಗೆದು ತೋಟದಿಂದ ಹೊರಕ್ಕೆ ಸಾಗಿಸಿ, ಆ ಪಾತಿಯಲ್ಲಿ ಟೊಮ್ಯಾಟೊ, ಬದನೆ, ಮೆಣಸಿನಕಾಯಿಗಳನ್ನು ಕೆಲವು ಬೆಳೆಗಳವರೆಗೆ ಬಿಡಬೇಕು. ಪ್ರತಿಯೊಂದು ಬೆಳೆಯಾದ ಮೇಲೂ ಒಂದು ಅಂಗುಲ ಗೊಬ್ಬರವನ್ನು ಹರಡಿ, ಕುಗ್ಗಿದ ಎಲೆಯನ್ನು ತುಂಬಿಸಬೇಕು. ಹಣ್ಣುಬಿಡುವ ತರಕಾರಿಯಾದ ಮೇಲೆ ಅವರೆ, ಹುರುಳಿಕಾಯಿ, ಅಲಸಂದೆಗಳಂಥ ದ್ವಿದಳ ಜಾತಿಯನ್ನು ಬೆಳೆಯುವುದು ವಾಡಿಕೆಯೂ ಹೌದು, ಶಾಸ್ತ್ರಸಮ್ಮತವೂ ಹೌದು.

ಹೊದಿಕೆಯಿಂದ ಬರಬಹುದಾದ ತೊಂದರೆಗಳು

ಗೆದ್ದಲು ಒಣ ರಟ್ಟಿಗೆ ಬರುತ್ತದೆ. ತೇವವಾಗಿಟ್ಟರೆ ಅದರ ಕಾಟವು ಕಡಮೆ. ಮನೆಯ ಗೋಡೆ, ಬಾಗಿಲುವಾಡ ಇವುಗಳಿಂದ ಮೂರಡಿ ದೂರದಲ್ಲಿಯೇ ಹೊದಿಕೆಯನ್ನು ನಿಲ್ಲಿಸಬೇಕು.

ಆಫ್ರಿಕಾದ ದೊಡ್ಡ ಬಸವನಹುಳುವು ಮಳೆಗಾಲದಲ್ಲಿ ಹೊದಿಕೆಯ ಕೆಳಗೆ ಅಡಗಿ ರಾತ್ರಿಯಲ್ಲಿ ಎಳೆಯ ಸಸಿಗಳನ್ನು ತಿನ್ನುತ್ತದೆ. ಸಂಜೆ ಒದ್ದೆಗೋಣಿಯ ಕೆಳಗೆ ಪರಂಗಿಯ ಎಲೆ ಅಥವಾ ಕೋಸಿನ ಎಲೆಯನ್ನಿಟ್ಟು, ಬೆಳಿಗ್ಗೆ ಅಲ್ಲಿ ಕೂಡಿದ ಹುಳುಗಳನ್ನು ಕೈಚೀಲ ಧರಿಸಿ ಆರಿಸಿ, ಉಪ್ಪುನೀರಿನ ಪಾತ್ರೆಯಲ್ಲಿ ಹಾಕಿ ಕೊಲ್ಲಬೇಕು. ಉಪ್ಪನ್ನು ಪಾತಿಯ ಮೇಲೆ ಚೆಲ್ಲಬಾರದು. ಅದರಿಂದ ಮಣ್ಣೇ ಕೆಡುತ್ತದೆ.

ಚೇಳು, ಹಾವುಗಳು ತರಗೆಲೆಯಲ್ಲಿ ಸೇರಿಕೊಳ್ಳುವುದುಂಟು. ಕೈಹಾಕುವುದಕ್ಕೆ ಮುಂಚೆ ಕೋಲಿನಿಂದ ತಟ್ಟಿ ಸರಿಸುವ ಅಭ್ಯಾಸವನ್ನು ಮಾಡಿಕೊಳ್ಳಬೇಕು. ಕತ್ತಲಾದ ಮೇಲೆ ಮಕ್ಕಳನ್ನು ಕಾಯಿ ಕೊಯ್ಯಲು ಕಳುಹಿಸಬಾರದು.

ಎಷ್ಟನ್ನು ನಿರೀಕ್ಷಿಸಬಹುದು

ವಿಶ್ವ ಆರೋಗ್ಯ ಸಂಸ್ಥೆಯವರು ಪ್ರತಿಯೊಬ್ಬನೂ ದಿವಸಕ್ಕೆ 400 ಗ್ರಾಮಿಗೆ ಕಡಮೆಯಿಲ್ಲದಂತೆ ಹಣ್ಣು ತರಕಾರಿಗಳನ್ನು ತಿನ್ನಬೇಕೆಂದು ಹೇಳುತ್ತಾರೆ. ನಾಲ್ಕು ಮಂದಿಯ ಸಂಸಾರಕ್ಕೆ ಇದು ದಿವಸಕ್ಕೆ 1600 ಗ್ರಾಮಾಗುತ್ತದೆ. ಮೇಲೆ ಹೇಳಿದ ಎರಡು ಪಾತಿಗಳು ಅಷ್ಟನ್ನೂ ಒದಗಿಸುತ್ತವೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಆದರೆ ಪೇಟೆಯಲ್ಲಿ ಬೇಗನೆ ಬಾಡುವ, ಕೊಳಕು ನೀರಿನಲ್ಲಿ ಬೆಳೆದಿರಬಹುದೆಂಬ ಶಂಕೆಯುಳ್ಳ ಸೊಪ್ಪುಗಳನ್ನು ಮನೆಯಲ್ಲಿಯೇ ಕೊಯ್ದು ಸಾರಿಗೆ ಹಾಕುವ ಭಾಗ್ಯವು ಈ ಪಾತಿಗಳಿಂದ ನಿಶ್ಚಯವಾಗಿ ದೊರೆಯುತ್ತದೆ. ಋತುವಿನಲ್ಲಿ ಟೊಮ್ಯಾಟೊ, ಬದನೆ, ಹಸಿಮೆಣಸಿನಕಾಯಿಗಳಿಗಾಗಿ ಅಂಗಡಿಗೆ ಹೋಗುವುದೂ ವಿರಳವಾಗುತ್ತದೆ.

ಕಡೆಯದಾಗಿ ಒಂದು ಸೂಚನೆ. ದೊಡ್ಡ ಹುಲ್ಲುಹಾಸನ್ನು ಒಂದೇ ಸಲ ಮುಚ್ಚಲು ಹೊರಡಬಾರದು. ಕೂಡಿಸಿದ ರಟ್ಟು ಎಷ್ಟು, ದೊರೆತ ಎಲೆಯೆಷ್ಟು, ವಾರಕ್ಕೆ ಎರಡು ಮೂರು ಗಂಟೆ ದುಡಿಯಬಲ್ಲ ಕೈಗಳೆಷ್ಟು ಎಂಬುದನ್ನು ನೋಡಿಕೊಂಡು, ಅಷ್ಟೇ ನೆಲವನ್ನು ಚೆನ್ನಾಗಿ ಮುಚ್ಚಬೇಕು. ಅರೆಬರೆಯಾಗಿ ಮುಚ್ಚಿದ ಸಾವಿರ ಚದರಡಿಗಿಂತ ಸಂದಿಲ್ಲದಂತೆ ಮುಚ್ಚಿದ ನೂರು ಚದರಡಿಯು ಹೆಚ್ಚಿನ ಕಾಯಿಪಲ್ಯವನ್ನು ಕೊಡುವುದು. ಮರುವರ್ಷದ ಭರಣಿಯ ಮಳೆಗೆ ಪಕ್ಕದ ನೂರು ಚದರಡಿಯನ್ನು ಸೇರಿಸಿಕೊಳ್ಳಬಹುದು. ಶಾಲೆಗಳ ಉಪಾಧ್ಯಾಯರು ಇಂಥ ಒಂದೇ ಪಾತಿಯನ್ನು ಮಕ್ಕಳ ಕೈಯಿಂದ ಮಾಡಿಸಿ, ಹೊದಿಕೆಯ ಕೆಳಗಿನ ಮಣ್ಣನ್ನೂ ಬರಿದಾದ ಮಣ್ಣನ್ನೂ ಪಕ್ಕಪಕ್ಕದಲ್ಲಿ ಮುಟ್ಟಿ ನೋಡುವಂತೆ ಮಾಡಿದರೆ, ವ್ಯವಸಾಯದ ಮುಖ್ಯವಾದ ಪಾಠವೊಂದನ್ನು ಅವರು ಪುಸ್ತಕದ ಸಹಾಯವಿಲ್ಲದೆಯೇ ಕಲಿತಂತಾಗುವುದು.